ದೋಣಿಯವನ ನಗು

ಗ್ರಂಥಾಲಯದ ಕೆಳಗಿನ ಹಾಲ್‌ನಲ್ಲಿ ಓದುಗರ ಕೂಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅವನು ಎದ್ದು ನಿಂತ. ಅವಳಿಗೆ ಒಳಗೊಳಗೇ ಹಿಗ್ಗು. ಸೋದರತ್ತೆ ಬರೆದ ಕಾದಂಬರಿಯನ್ನು ಅವನ ಕೈಗೆ ಕೊಟ್ಟವಳು ಅವಳೇ. ಓದಿ ಏನಾದರೂ ಹೇಳು ಅಂತ ಫೋನ್ ಮಾಡಿ ಮಾಡಿ ಕಾಡಿದವಳೂ ಅವಳೇ.

ಅಲ್ಲಿಯವರೆಗೆ ಎದ್ದವರೆಲ್ಲ ಹೊಗಳಿಯೇ ಕೂತಿದ್ದರು. ಅವಳ ಅಜ್ಜಿಯ ಮನೆಯವರು ಗಲಭೆಗೆ ಹೆದರಿ ಊರು ಬಿಟ್ಟು, ಕತ್ತಲಲ್ಲಿ ಗಡಿಯ ನದಿ ದಾಟಿ ಈ ದೇಶಕ್ಕೆ ಬಂದ ಕಥೆ ಅದು. ನಡುನೀರಿನ ಮರಳುದಿಬ್ಬದ ಮೇಲೆ ದೋಣಿಯವನು ಅವರನ್ನು ಇಳಿಸುತ್ತಾನೆ. ಬಾಡಿಗೆಗೆಂದು ಕೊಟ್ಟ ಬಳೆಗಳು ಆಗಲೇ ಅವನ ಸೊಂಟ ಸೇರಿವೆ. ದೋಣಿ ತಿರುಗಿಸಿಕೊಂಡು, ನಗುತ್ತ ಹೋಗಿಬಿಡುತ್ತಾನೆ. ಬೆಳಗಾಗುವಷ್ಟರಲ್ಲಿ ಎಳೆಗೂಸು, ಅಜ್ಜಿಯ ತಮ್ಮ, ಚಳಿಗೆ ತೀರಿಕೊಂಡಿರುತ್ತದೆ.

"ಆ ನಗು ಓದಿ ಮೈಯೆಲ್ಲ ಉರಿದುಹೋಯ್ತು ಮೇಡಂ," ಅಂದರು ನಿವೃತ್ತ ಗುಮಾಸ್ತರೊಬ್ಬರು.

"ಅವನ ವಂಶ ನಿರ್ವಂಶ ಆಗ್ಲಿ ಅಂತ ನಾನಂತೂ ಬಾಯಿ ಬಿಟ್ಟು ಶಾಪ ಹಾಕ್ದೆ," ಅಂದಳು ಹಿಂದಿನ ಸಾಲಿನ ಹೆಂಗಸು. ಎಲ್ಲರೂ ತಲೆದೂಗಿದರು.

ಅವನು ಕೇಳಿದ್ದು ಒಂದೇ ಪ್ರಶ್ನೆ. "ಅವನು ನಿಜವಾಗಿ ನಕ್ಕನಾ, ಮೇಡಂ?"

"ಕಾದಂಬರಿ ಕಣಪ್ಪ ಇದು," ಅಂದಳು ಅತ್ತೆ.

"ಬಿಟ್ಟು ಹೋದ, ಸರಿ. ನಕ್ಕಿದ್ದನ್ನ ನೋಡಿದವರು ಯಾರು?"

"ಏನು, ದೋಣಿಯವನು ನಿನ್ನನ್ನ ವಕೀಲ ಅಂತ ಇಟ್ಕೊಂಡಿದ್ದಾನಾ?"

ಹಾಲ್ ತುಂಬ ನಗು. ಅವನು ಕೂತುಬಿಟ್ಟ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಮಾತ್ರ ನಗದೆ ಹಿಂದಕ್ಕೆ ತಿರುಗಿ ಅವನನ್ನು ನೋಡಿದಳು.

ಅವನಿಗೂ ಅವಳಿಗೂ ಪ್ರೀತಿ ಹುಟ್ಟಿದ್ದು ಅಜ್ಜಿಯ ಬಾಯಲ್ಲಿ ಅಂದರೆ ತಪ್ಪಾಗಲಾರದು. ಅವನು ಹಲ್ಲಿನ ಸೆಟ್ ಕಟ್ಟುವವನು. ಸಾಧಾರಣವಾಗಿ ಇಂಥವರು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲೇ ಇದ್ದುಬಿಡುತ್ತಾರೆ, ರೋಗಿಯ ಮುಖ ನೋಡುವುದೇ ಇಲ್ಲ. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಕೇಳಿ, ಅಳತೆಯ ಮೇಣ ತೆಗೆದುಕೊಂಡು ಮನೆಗೇ ಬಂದಿದ್ದ. ಮೇಣವನ್ನು ನೇರ ಬಾಯಿಗಿಡದೆ ತನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ್ದನ್ನು ಅವಳು ಆವತ್ತೇ ಗಮನಿಸಿದ್ದಳು.

"ಟಾರ್ಚನ್ನ ಅಜ್ಜಿ ಬಾಯಿಗೆ ಹಿಡೀರಿ," ಅಂದಿದ್ದ, ಅವಳ ಕಡೆ ತಿರುಗದೆ. "ನನ್ನ ಮುಖದಲ್ಲಿ ಹಲ್ಲೆಲ್ಲ ಸರಿಯಾಗಿದೆ."

ಬಾಯಿ ತೆರೆದುಕೊಂಡೇ ಇದ್ದ ಅಜ್ಜಿಯ ಹೊಟ್ಟೆ ನಗುವಿಗೆ ಕುಲುಕಿತು. ಅವತ್ತಿನಿಂದ ಅವನಿಗೆ ಹಲ್ಲಪ್ಪ ಅಂತ ಹೆಸರು. "ಹಲ್ಲಪ್ಪ ಇವತ್ತು ಬರೋದಿಲ್ವೇನೇ? ಎಲ್ಲೂ ಒತ್ತುತ್ತಿಲ್ಲ, ಆದ್ರೂ ಬರ್ಲಿ ಬಿಡು," ಅನ್ನುತ್ತಿದ್ದಳು ಮೊಮ್ಮಗಳ ಮುಖ ನೋಡಿ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರದೂ ಬೇಡ ಅನ್ನುವ ಮಾತಿರಲಿಲ್ಲ. ಎಲ್ಲರೆದುರು ನೀವು ತಾವು, ಇಬ್ಬರೇ ಇದ್ದಾಗ ನೀನು.

ಕೂಟ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದಳು.

"ನಮ್ಮತ್ತೆ ಮರ್ಯಾದೆ ಕಳೆಯೋಕೆ ಇವತ್ತೇ ಬೇಕಿತ್ತಾ? ಚೆನ್ನಾಗಿಲ್ಲ ಅಂದ್ರೆ ನನ್ನ ಹತ್ರ ಹೇಳ್ಬಹುದಿತ್ತು."

"ಚೆನ್ನಾಗಿದೆ. ಅದಕ್ಕೇ ಕಷ್ಟ." ಬೀಗದ ಕೀಲಿ ಅವನ ಬೆರಳಲ್ಲಿ ಸುಮ್ಮನೆ ತಿರುಗುತ್ತಿತ್ತು. "ಪೊರೆ ಬಂದ ಒಂದು ಕಣ್ಣು. ಸುಣ್ಣದ ಗೂಡಿನ ಹಿಂದಿನ ದೋಣಿ ಕಡವು. ಮೋಟು ಕಿರುಬೆರಳು. ಎಲ್ಲ ಸರಿಯಾಗಿ ಬರೆದಿದ್ದಾರೆ. ಆ ದೋಣಿಯವನು ನಮ್ಮ ತಾತ."

ಅವಳು ಅವನ ಕೈಯಿಂದ ಕೀಲಿ ತೆಗೆದುಕೊಂಡಳು.

"ನಾನು ಚಿಕ್ಕವನಿದ್ದಾಗ ಹೋದ್ರು. ಕೊನೇ ದಿನಗಳಲ್ಲಿ ಹಾಸಿಗೇಲಿ ಮಲಗಿ ಒಂದೇ ಮಾತು. ದಿಬ್ಬದ ಮೇಲೆ ಮಕ್ಕಳಿದ್ದಾವೆ, ಯಾರಾದ್ರೂ ಹೋಗಿ ಕರ್ಕೊಂಡು ಬನ್ನಿ ಅಂತ. ನಾವು ಜ್ವರದ ಬಡಬಡಿಕೆ ಅಂದ್ಕೊಂಡ್ವಿ. ಈಚೆ ದಡದಲ್ಲಿ ಗುಂಡಿನ ಸದ್ದು ಕೇಳಿ ಹೆದರಿ ತಿರುಗಿದ್ರು, ಮನೇಲಿ ಮಕ್ಕಳಿದ್ವಲ್ಲ, ಅಂತ ನಮ್ಮಜ್ಜಿ ಒಂದ್ಸಲ ಹೇಳಿದ್ದಳು. ಇರಬಹುದು. ದೋಣೀಲೂ ಮಕ್ಕಳಿದ್ವು."

"ಆ ಬಳೆ?"

"ಮಾರಿ ಮನೆಗೆ ಸೂರು ಹಾಕ್ಸಿದ್ರು. ನಾನು ಹುಟ್ಟಿದ್ದು ಆಚೆ ದಡದಲ್ಲಿ, ಆ ಸೂರಿನ ಕೆಳಗೇ; ಈ ಕಡೆ ಬಂದಿದ್ದು ಆಮೇಲೆ." ಅವನು ತಲೆ ಎತ್ತಿದ. "ಬಿಟ್ಟು ಬಂದಿದ್ದನ್ನ ನಾನು ಹೇಗೋ ಹೊತ್ಕೊಂಡೇನು. ನಗ್ತಾ ಬಿಟ್ಟು ಬಂದ್ರು ಅನ್ನೋದಾದ್ರೆ, ನಿಮ್ಮ ಮನೆ ಹೊಸಲು ತುಳಿಯೋ ಮುಖ ನನಗಿಲ್ಲ. ಮದುವೆ ಮಾತಂತೂ ದೂರ."

"ಮನೇಲಿ ಹೇಳೋದು ಬೇಡ," ಅಂದಳು ಅವಳು.

"ಅದೇ ಬಾಯಿಗೆ ಕೈ ಹಾಕಿ ಹಲ್ಲು ಕೂರಿಸಿದ್ದೀನಿ ಕಣೇ. ಹೇಳದೆ ಹೇಗಿರ್ಲಿ?"

ಊಟದ ಹೊತ್ತಿಗೆ ಅವಳೇ ಹೇಳಿದಳು. ಅಪ್ಪ ತಟ್ಟೆ ದೂಡಿ ಎದ್ದ. ಅತ್ತೆಯ ಕೈ ಪಾತ್ರೆಯ ಮೇಲೇ ನಿಂತಿತು. ಅಜ್ಜಿ ಬಾಯೊಳಗಿದ್ದ ತುತ್ತನ್ನು ನಿಧಾನವಾಗಿ ನುಂಗಿದಳು. ಆಮೇಲೆ ಮೇಲಿನ ಸೆಟ್ ತೆಗೆದಳು, ಕೆಳಗಿನದನ್ನೂ ತೆಗೆದಳು, ಎರಡನ್ನೂ ತಟ್ಟೆಯ ಅಂಚಿಗಿಟ್ಟು ತನ್ನ ಕೋಣೆಗೆ ಹೋದಳು. ಕೆನ್ನೆಗಳು ಒಳಗೆ ಬಿದ್ದು, ಎದ್ದು ಹೋದದ್ದು ಬೇರೆ ಯಾರೋ ಅನ್ನಿಸುವಂತಿತ್ತು.

ಮತ್ತೆ ಅಜ್ಜಿ ಅವನ್ನು ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಎಲ್ಲವನ್ನೂ ಮೆತ್ತಗೆ ಬೇಯಿಸುವುದು ಶುರುವಾಯಿತು.

ಅವನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ಚೀಟಿ ನೋಡಿ ಮಾತ್ರೆ ಕೊಡುವ ಕೆಲಸ ಅವಳದು. ಅವಳ ಮುಖ ನೋಡಿದ ಮಾಲೀಕರು ಏನು ಎತ್ತ ಕೇಳದೆ ಕೌಂಟರಿನ ಹಿಂದೆ ಒಂದು ಸ್ಟೂಲು ತಂದಿಟ್ಟು ಹೋದರು. ಆವತ್ತು ಅವಳಿಗೆ ಅಳು ಬಂದದ್ದು ಅದಕ್ಕೇ.

ಒಂದು ಸಂಜೆ ಅತ್ತೆಯ ಕೋಣೆಗೆ ಹೋದಳು.

"ಅತ್ತೆ, ಆ ನಗು ನಿಮಗೆ ಯಾರು ಹೇಳಿದ್ದು?"

ಅತ್ತೆ ಕನ್ನಡಕ ತೆಗೆದು ಒರೆಸಿದಳು. "ಯಾರೂ ಇಲ್ಲ. ಆ ಕಣ್ಣು, ಆ ಬೆರಳು ಅಮ್ಮ ಹೇಳಿದ್ದು. ದಿಬ್ಬದ ಮಾತು ಬಂದಾಗೆಲ್ಲ ಎದ್ದು ಹೋಗೋಳು. ನಗು ನಾನು ಹಾಕಿದ್ದು."

"ಯಾಕೆ?"

"ಹೆದರಿ ಓಡಿದ ಅಂತ ಬರೆದ್ರೆ ಓದೋರು ಅವನನ್ನ ಅರ್ಧ ಕ್ಷಮಿಸಿಬಿಡ್ತಾರೆ. ಆ ಕೂಸು, ಹೆಸರಿಡೋಕೆ ಮುಂಚೆ ಸತ್ತ ನನ್ನ ಸೋದರಮಾವ. ಅವನ ಸಾವನ್ನ ಯಾರೂ ಅರ್ಧ ಕ್ಷಮಿಸೋದು ನನಗೆ ಬೇಕಿರ್ಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಅಂದಳು, "ಆ ದೋಣಿಯವನಿಗೊಬ್ಬ ಮೊಮ್ಮಗ ಇದ್ದು, ನನ್ನ ಪುಸ್ತಕ ಕೊಂಡು ಓದ್ತಾನೆ ಅಂತ ಯಾರು ಕಂಡಿದ್ರು?"

"ಕೊಂಡಿದ್ದಲ್ಲ. ನಾನೇ ಕೊಟ್ಟೆ."

ಮರುದಿನ ಮಧ್ಯಾಹ್ನ ಅವಳು ಕ್ಲಿನಿಕ್ಕಿನ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿ ಗಾರೆಯ ದವಡೆಗಳು ಬಾಯಿ ಕಳೆದು ಕೂತಿದ್ದವು. ಅವನು ಉಜ್ಜುವ ಮಷೀನು ನಿಲ್ಲಿಸಿದ. ತೆಳ್ಳಗಾಗಿದ್ದ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು.

"ಇಷ್ಟೊಂದು ಬಾಯಿ ಇಟ್ಕೊಂಡೂ ಒಂದು ಮಾತಿಲ್ಲ ನಿನ್ನ ಕಡೆಯಿಂದ," ಅಂದಳು.

ಅವನು ನಗಲು ನೋಡಿದ, ಆಗಲಿಲ್ಲ. ಸ್ಟೂಲು ಒರೆಸಿ ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ.

"ಬೆಳಿಗ್ಗೆ ಅಜ್ಜಿಗೆ ಆ ಅಧ್ಯಾಯ ಓದಿ ಹೇಳ್ದೆ. ಪುಸ್ತಕ ಬಂದು ಮೂರು ತಿಂಗಳಾದ್ರೂ ಅವಳು ತೆಗೆದೇ ನೋಡಿರ್ಲಿಲ್ಲ, ಬರೀ ದಿಂಬಿನ ಕೆಳಗಿಟ್ಕೊಂಡಿದ್ದಳು. ದೋಣಿಯವನು ನಕ್ಕ ಅನ್ನೋ ಕಡೆ ನನ್ನ ಕೈ ಹಿಡಿದು ನಿಲ್ಸಿದ್ಲು."

ಅವನು ಮೇಜಿನ ಅಂಚು ಹಿಡಿದುಕೊಂಡ.

"ನಗಲಿಲ್ಲ ಅಂದ್ಲು. ಅಳ್ತಿದ್ನಂತೆ. ನಮ್ಮನ್ನೇ ನೋಡ್ತಾ ಅಳ್ತಿದ್ದ, ಅಳ್ತಾನೇ ಹುಟ್ಟು ಹಾಕ್ದ, ಒಂದ್ಸಲಾನೂ ಕೈ ನಿಲ್ಲಿಸ್ಲಿಲ್ಲ ಅಂದ್ಲು. ಎರಡನ್ನೂ ಹೇಳು ಆ ಹುಡುಗನಿಗೆ, ಒಂದನ್ನೇ ಹೇಳ್ಬೇಡ ಅಂದ್ಲು."

ಅವನು ಗೋಡೆಯ ಕಡೆ ತಿರುಗಿದ. ಭುಜಗಳು ಅಲುಗುತ್ತಿದ್ದವು. ಅವಳು ಕಾದಳು. ಇಂಥ ಹೊತ್ತಿನಲ್ಲಿ ಅವಸರ ಮಾಡದಿರುವುದೂ ಒಂದು ಪ್ರೀತಿಯೇ.

"ಕ್ಷಮಿಸಿದ್ರಾ?" ಅಂದ ಕೊನೆಗೆ.

"ಇಲ್ಲ. ಸತ್ತವನನ್ನ ಹ್ಯಾಗೆ ಕ್ಷಮಿಸ್ಲಿ, ಬದುಕಿರೋನು ಏನೂ ಮಾಡಿಲ್ಲ ಅಂದ್ಲು. ಆ ಹಲ್ಲು ಮಾತ್ರ ಬಾಯಿಗೆ ಹೋಗಲ್ವಂತೆ, ಅವನು ಬೇಜಾರು ಮಾಡ್ಕೋಬಾರ್ದು ಅಂದ್ಲು. ಬೇರೆಯವರ ಹತ್ರ ಮಾಡಿಸ್ಲಾ ಅಂದ್ರೆ, ಬೇಡ ಅಂತಾಳೆ. ಮದುವೆಗೂ ಬರಲ್ವಂತೆ."

"ಯಾವ ಮದುವೆ?"

"ಅದನ್ನ ನೀನು ಕೇಳ್ಬೇಕು. ನಾನು ಈ ಬಿಸಿಲಲ್ಲಿ ನಡ್ಕೊಂಡು ಬಂದಿದ್ದೀನಿ, ಅಷ್ಟು ಸಾಲದಾ?"

ಅವನು ಕೈ ಚಾಚಿದ, ಗಾರೆಯ ಪುಡಿ ಕಂಡು ಹಿಂದಕ್ಕೆ ತೆಗೆದ. ಅವಳೇ ಆ ಕೈ ಎಳೆದು ತನ್ನ ತೋಳಿನ ಮೇಲಿಟ್ಟುಕೊಂಡಳು.

"ನಿಮ್ಮಪ್ಪ ಒಪ್ಪಲ್ಲ," ಅಂದ.

"ಒಪ್ಪಲ್ಲ."

"ನಿನಗೆ ನನ್ನ ಮುಖ ನೋಡಿದಾಗ ಅದು ನೆನಪಾಗಲ್ವಾ?"

"ಆಗತ್ತೆ," ಅಂದಳು. "ಆದಾಗ ನಿನಗೇ ಹೇಳ್ತೀನಿ. ಬೇರೆ ಯಾರ ಹತ್ರ ಹೇಳ್ಲಿ?"

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿದ್ದ. ಅವಳ ಕಪ್ಪು ಕುರ್ತಾದ ತೋಳಿನ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿದ್ದವು. ಅವಳು ಕೊಡವಿಕೊಂಡಿರಲಿಲ್ಲ. ಅಪ್ಪ ಅದನ್ನು ನೋಡಿ ಮುಖ ಆಚೆ ತಿರುಗಿಸಿದ. ಒಳಗೆ ಅಜ್ಜಿಯೂ ನೋಡಿದಳು. ಗೋಡೆಯ ಕಡೆಗೆ ಸ್ವಲ್ಪ ಸರಿದು, ಮಂಚದ ಮೇಲೆ ಅವಳಿಗೆ ಕೂರಲು ಜಾಗ ಮಾಡಿದಳು.