ಸುಬ್ಬಾತಾಳಮ್ಮನ ಎಡಗಾಲು

ಗಾಂಧಿಪುರಂನ ನಮ್ಮ ಕ್ಲಿನಿಕ್ಕಿನಲ್ಲಿ ಅವತ್ತು ಕನ್ನಡ ಕಿವಿಗೆ ಬಿದ್ದದ್ದೇ ತಡ, ನನಗೆ ಹಬ್ಬವಾಯಿತು. ಹಾಸನದಿಂದ ಬಂದು ಎಂಟು ತಿಂಗಳಾಗಿತ್ತು. ಕಾಲಿನ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ನನ್ನ ಹರಕುಮುರುಕು ತಮಿಳು ಕೇಳಿ ರೋಗಿಗಳು ನೋವು ಮರೆತು ನಗುತ್ತಿದ್ದರು.

“ಅಮ್ಮಾ, ಮೆಲ್ಲಗೆ ಕಾಲಿಡು,” ಅಂದವನು ಲೋಗನಾಥನ್. ಮಡತ್ತುಕುಳಂನಲ್ಲಿ ಕೊಬ್ಬರಿ ವ್ಯಾಪಾರ. ತಾಯಿ ಸುಬ್ಬಾತಾಳಮ್ಮ ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವರು. ಎಡಗಾಲಿನ ನಾಳಗಳು ಉಬ್ಬಿ, ಪಾದದ ಮೇಲೆ ಹುಣ್ಣಾಗಿತ್ತು.

“ನೀವು ಕನ್ನಡದವರಾ?” ಎಂದೆ.

“ಮನೇಲಿ ಕನ್ನಡಾದಾ, ಮೇಡಂ. ವಾಸಲ್ ದಾಟಿದ್ರೆ ತಮಿಳು.”

ಅಷ್ಟು ಸಾಕಾಯಿತು. ಸ್ಕ್ಯಾನ್ ಮುಗಿಸಿ ಪಾಠ ಶುರುಮಾಡಿದೆ. “ರಕ್ತ ತರೋ ಅಪಧಮನಿಗಳು ಚೆನ್ನಾಗಿವೆ. ವಾಪಸ್ ಒಯ್ಯೋ ಅಭಿಧಮನಿಗಳ ಕವಾಟಗಳು ಸೋತಿವೆ. ಅದಕ್ಕೇ ರಕ್ತ ಕೆಳಗೇ ನಿಲ್ತಿದೆ.”

“ಅಭಿ ಅಂದ್ರೆ ಯಾರು, ಕಣ್ಣು?” ಎಂದರು ಸುಬ್ಬಾತಾಳಮ್ಮ, ತಮಿಳರಂತೆ ಮುದ್ದಿನಿಂದ ಕರೆದು.

ಲೋಗನಾಥನ್ ಪರದೆ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ನೋಡಿದರೆ ಗೋಡೆಯ ಗಡಿಯಾರ ನೋಡುತ್ತಿದ್ದ. ರಕ್ತ ಮೇಲೇರಲೆಂದು ಡಾಕ್ಟರು ಹೇಳಿದ ಬಿಗಿ ಸ್ಟಾಕಿಂಗ್ಸ್ ಹೇಗೆ ಹಾಕಬೇಕೆಂದು ಎರಡು ಹಾಳೆ ತುಂಬ ಮುದ್ದಾದ ಕನ್ನಡದಲ್ಲಿ ಬರೆದುಕೊಟ್ಟೆ.

“ಅರ್ಥ ಆಗುತ್ತಲ್ವಾ?”

“ರೊಂಬ ಚೆನ್ನಾಗಿ,” ಎಂದ. ನನ್ನ ಕೆನ್ನೆ ಬಿಸಿಯಾಯಿತು.

ಮೂರು ವಾರದ ನಂತರ ಬಂದಾಗ ಹುಣ್ಣು ಇನ್ನೂ ದೊಡ್ಡದಾಗಿತ್ತು. ಡಾಕ್ಟರು ನನ್ನತ್ತ ನೋಡಿದ ನೋಟ ಬೇಡವೇ ಬೇಡ. ವಿಚಾರಿಸಿದರೆ, ಹಗಲು ನಿಂತಾಗಲೇ ಬೇಕಾದ ದುಬಾರಿ ಸ್ಟಾಕಿಂಗ್ಸ್ ಕೊಬ್ಬರಿ ಧೂಳಿಗೆ ಕೊಳೆಯಾಗುತ್ತದೆಂದು ಹಗಲೆಲ್ಲ ಬಿಚ್ಚಿಟ್ಟು, ಮಲಗುವಾಗ ಮಾತ್ರ ಹಾಕಿಸಿದ್ದರು. ಅದೂ ಮೇಲ್ಗಡೆ ಮಡಚಿ, ರಕ್ತ ಇನ್ನಷ್ಟು ಕಟ್ಟುವಂತೆ.

ಅವನನ್ನು ಕಾರಿಡಾರಿಗೆ ಕರೆದೆ. “ಹಾಳೆ ಓದಿದ್ರಾ ಇಲ್ವಾ?”

ಅವನು ಚಪ್ಪಲಿ ನೋಡಿಕೊಂಡು ನಿಂತ. “ನಮ್ಮನೇಲಿ ಯಾರ್ಗೂ ಕನ್ನಡ ಓದೋಕೆ ಬರಲ್ಲ, ಮೇಡಂ. ಮಾತು ಮಟ್ಟುಂದಾ, ಅಷ್ಟೇ.”

“ಅವತ್ತೇ ಹೇಳೋಕೇನಾಗಿತ್ತು?”

“ನೀವು ಅಷ್ಟು ಸಂತೋಷವಾಗಿ ಬರೀತಾ ಇದ್ರಿ. ಓದೋಕೆ ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು.” ಅವನ ಕಣ್ಣು ತುಂಬಿತ್ತು. “ನನ್ನ ನಾಚಿಕೆಗೆ ಅಮ್ಮನ ಕಾಲು ಹೋಗ್ತಿತ್ತು.”

ಅವನ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಕನ್ನಡ ಮಾತಾಡಿದವರಿಗೆಲ್ಲ ಓದಲೂ ಬರುತ್ತದೆಂದು ಕೇಳದೇ ನಂಬಿದವಳು ನಾನೇ.

“ನಾಳೆಯಿಂದ ಬೆಳಿಗ್ಗೆ ಐದೂವರೆಗೆ ವಿಡಿಯೋ ಕಾಲ್ ಮಾಡಿ,” ಎಂದೆ. “ಅಮ್ಮ ಹಾಸಿಗೆಯಿಂದ ಇಳಿಯೋ ಮುಂಚೆ, ಕಾಲು ಊದೋ ಮುಂಚೆ ಹಾಕ್ಬೇಕು. ನಾನು ನೋಡ್ತೀನಿ.”

ಹೀಗೆ ನಮ್ಮ ಪ್ರೇಮ ಒಂದು ಎಡಗಾಲಿನ ಮೇಲೆ ನಡೆಯಿತು. ಫೋನನ್ನು ದಿಂಬಿಗೆ ಒರಗಿಸಿಡುತ್ತಿದ್ದುದರಿಂದ ನನಗೆ ಕಾಣುತ್ತಿದ್ದದ್ದು ಕಾಲು, ಮತ್ತೆ ಅವನ ಕೈಗಳು. ಒರಟು ಬೆರಳು. ಹಿಮ್ಮಡಿಯ ಮೇಲೆ ಬಟ್ಟೆ ಎಳೆಯುವಾಗ ಮಾತ್ರ ಹೂ ಕಟ್ಟುವಷ್ಟು ನಾಜೂಕು. ಆ ಕೈಗಳನ್ನು ನಾನು ಪ್ರೀತಿಸತೊಡಗಿದೆ, ಇದರಲ್ಲಿ ಮುಚ್ಚಿಡುವುದೇನಿದೆ?

“ಸುಕ್ಕಿದೆ, ಸರಿಮಾಡಿ.”

“ಮೇಡಂ ತಲೆ ಬಾಚಿಲ್ಲ ಇವತ್ತು.”

“ನೀವು ಕಾಲು ನೋಡಿ!”

“ಅವ್ನು ಕಾಲು ಎಲ್ಲಿ ನೋಡ್ತಾನೆ, ಕಣ್ಣು,” ಎನ್ನುತ್ತಿದ್ದರು ಸುಬ್ಬಾತಾಳಮ್ಮ.

ಹುಣ್ಣು ಕಿರಿದಾಗುತ್ತ ಬಂತು. ಒಂದು ಮುಂಜಾನೆ, ಇದು ಇನ್ನೂ ಸ್ವಲ್ಪ ದಿನ ಇರಲಿ ಎಂದು ನನ್ನ ಮನಸ್ಸು ಆಸೆಪಟ್ಟಿತು. ತಕ್ಷಣ ಕೆನ್ನೆಗೆ ಹೊಡೆದುಕೊಂಡೆ. ರೋಗಿ ಗುಣವಾಗಲೆಂದು ಬಯಸಬೇಕಾದವಳು ಯೋಚಿಸುವ ಯೋಚನೆಯೇ ಅದು?

ಹತ್ತನೇ ವಾರ ಡಾಕ್ಟರು, “ಪೂರ್ತಿ ಮುಚ್ಚಿದೆ. ಸ್ಟಾಕಿಂಗ್ಸ್ ಮುಂದುವರಿಸಿ, ಆರು ತಿಂಗಳು ಬಿಟ್ಟು ಬನ್ನಿ,” ಎಂದರು. ಹಾಕುವುದು ಕಲಿತಾಗಿತ್ತು, ಇನ್ನು ವಿಡಿಯೋ ಕಾಲ್ ಬೇಕಿಲ್ಲ. ಲೋಗನಾಥನ್ ಕೈಮುಗಿದ, ಏನೋ ಹೇಳಲು ಬಾಯಿ ತೆರೆದ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ನಾನು ನಗುತ್ತ ಕೈಬೀಸಿದೆ. ಆಮೇಲೆ ಸ್ಕ್ಯಾನ್ ಕೋಣೆಯ ಕರ್ಟನ್ ಎಳೆದುಕೊಂಡು ಚೆನ್ನಾಗಿ ಅತ್ತೆ.

ಮರುದಿನ ಐದೂವರೆಗೆ ಎಚ್ಚರವಿದ್ದೆ. ಫೋನ್ ಸುಮ್ಮನಿತ್ತು. ಆರಕ್ಕೆ ಐದು ನಿಮಿಷವಿದ್ದಾಗ ರಿಂಗಾಯಿತು.

ಪರದೆಯಲ್ಲಿ ಕಾಲಿರಲಿಲ್ಲ. ಸ್ನಾನ ಮಾಡಿ, ವಿಭೂತಿ ಇಟ್ಟು, ಇಸ್ತ್ರಿ ಶರ್ಟು ಹಾಕಿ, ಹೆದರಿ ಕೂತ ಮುಖವಿತ್ತು.

“ಅಮ್ಮ ತಾನೇ ಹಾಕ್ಕೊಂಡ್ರು,” ಎಂದ. “ಕಾಲ್ ಮಾಡೋಕೆ ಕಾರಣ ಏನೂ ಇಲ್ಲ. ನಂಗೆ ನಿಮ್ಮನ್ನ ಕಾಣದೆ ಬೆಳಗಾಗಲ್ಲ, ಅಷ್ಟುದಾ. ನನ್ನ ಮದುವೆ ಆಗ್ತೀರಾ, ಮೇಡಂ?”

ಹಿಂದಿನಿಂದ ಸುಬ್ಬಾತಾಳಮ್ಮನ ಪಿಸುಮಾತು ಕೇಳಿಸಿತು: “ಮೇಡಂ ಅನ್ಬೇಡ ಡಾ, ಹೆಸರು ಹೇಳು!”

“ಭೂಮಿ,” ಎಂದ ಅವನು, ಮೊದಲ ಸಲ.

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. “ಭಾನುವಾರ ನಿಮ್ಮ ಮನೆಗೆ ಬರ್ತೀನಿ,” ಎಂದೆ. “ಅಪ್ಪ ಅಮ್ಮನ್ನೂ ಕರ್ಕೊಂಡು.”