ಬ್ರೇಕಿನ ಗಾಳಿ ತೆಗೆಯುವಷ್ಟು ಹೊತ್ತು

ತಾಲ್ಲೂಕು ಕಚೇರಿಯ ಗುಮಾಸ್ತ ಅಚ್ಯುತ್‌ನ ಕಾರಿಗೆ ಕಾಯಿಲೆ ಬರುವುದು ಶಿಡ್ಲಘಟ್ಟ ರಸ್ತೆಯ ನಲ್ಲಪ್ಪನ ಗ್ಯಾರೇಜಿನಲ್ಲಿ ಹಳೆಯ ಸಂಗತಿ. ಒಂದು ವಾರ ವೈಪರ್ ಕಿರುಗುಟ್ಟುತ್ತದೆ, ಇನ್ನೊಂದು ವಾರ ಡಿಕ್ಕಿಯಲ್ಲಿ ಏನೋ ಲೊಡಲೊಡ ಅನ್ನುತ್ತದೆ. ನಲ್ಲಪ್ಪನ ಮಗಳು ಹರಿಣಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆ ಸ್ಪ್ಯಾನರ್ ಹಿಡಿದವಳು. ಆ ಸದ್ದುಗಳು ಅವಳಿಗೆ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಅದಕ್ಕೆ ಅವಳಿಗೇನೂ ಬೇಜಾರಿರಲಿಲ್ಲ. ಬಾನೆಟ್ಟಿನ ಆಚೆಯಿಂದ ಅವನು ನೋಡುವುದು, ಇವಳು ನೋಡದ ಹಾಗೆ ನೋಡುವುದು, ಮೂಗಿಗೆ ಗ್ರೀಸ್ ಹತ್ತಿದೆ ಎಂದು ಅವನು ಸನ್ನೆ ಮಾಡಿದರೆ ಇವಳು ಬೇಕೆಂದೇ ಕೆನ್ನೆ ಒರೆಸಿಕೊಳ್ಳುವುದು, ಹೀಗೇ ಎರಡು ವರ್ಷ ಕಳೆದಿತ್ತು.

ಈ ಶುಕ್ರವಾರ ಮಾತ್ರ ಕಾರಿಗೆ ನಿಜವಾಗಿಯೂ ಕಾಯಿಲೆಯಾಗಿತ್ತು. ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿತ್ತು. ಹಿಂದಿನ ಸೀಟಿನಿಂದ ಅವನ ತಾಯಿ ಪದ್ಮಮ್ಮ ರೇಷ್ಮೆ ಸೀರೆಯುಟ್ಟು, ಹಣ್ಣು ತುಂಬಿದ ತಟ್ಟೆ ಹಿಡಿದು ಇಳಿದರು. ಇವತ್ತೇ ನಿಶ್ಚಿತಾರ್ಥ ಎಂದು ಹರಿಣಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಿಂತಾಮಣಿಯಲ್ಲಿ ಹುಡುಗಿ ಗೊತ್ತು ಮಾಡಿರುವುದನ್ನು ಅಚ್ಯುತ್ ಹೋದ ವಾರವೇ ಫೋನಿನಲ್ಲಿ ಹೇಳಿದ್ದ. ನಿಶ್ಚಿತಾರ್ಥಕ್ಕೆ ಮೊದಲೇ ಅಮ್ಮನ ಹತ್ತಿರ ಎಲ್ಲ ಹೇಳಿಬಿಡುತ್ತೇನೆಂದು ಮಾತನ್ನೂ ಕೊಟ್ಟಿದ್ದ. ಆ ಮಾತು ನಂಬಿಕೊಂಡು ಅವಳು ವಾರವಿಡೀ ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಕೆಲಸ ಮಾಡಿದ್ದಳು, ಪೆದ್ದಿ.

ನಲ್ಲಪ್ಪ ಕುರ್ಚಿ ಒರೆಸಿ ಹಾಕಿದ, ಲೋಟದಲ್ಲಿ ನೀರು ತಂದಿಟ್ಟ. ಪದ್ಮಮ್ಮ ನಗುನಗುತ್ತಲೇ ಮನೆಯವರ ಆರೋಗ್ಯ ವಿಚಾರಿಸಿದರು. ಬಾಯಾರಿದಾಗ ಮಾತ್ರ ತಮ್ಮ ಬ್ಯಾಗಿನ ಬಾಟಲಿ ತೆಗೆದರು. ಲೋಟದ ನೀರು ಇಟ್ಟಲ್ಲೇ ಇತ್ತು. ಅಚ್ಯುತ್ ಅದನ್ನು ನೋಡಿ ಮುಖ ತಿರುಗಿಸಿಕೊಂಡ. ಅವನು ಮುಖ ತಿರುಗಿಸಿದ್ದನ್ನು ಹರಿಣಿ ನೋಡಿದಳು.

ಕಾರನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ಬಿಚ್ಚಿ, ಅಪ್ಪನಿಗೆ ಬ್ರೇಕ್ ಒತ್ತಲು ಹೇಳಿ ಅವಳು ಟಾರ್ಚ್ ಹಾಕಿದಳು. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್ ಬುಡದಲ್ಲಿ ಬಿರುಕು ಬಿಟ್ಟಿತ್ತು. ಪೆಡಲ್ ಒತ್ತಿದಾಗಲೆಲ್ಲ ಸುಟ್ಟ ಗಾಯದ ಬೊಬ್ಬೆಯ ಹಾಗೆ ಉಬ್ಬುತ್ತಿತ್ತು. ಇನ್ನೊಂದು ಬದಿಯದ್ದೂ ಅದೇ ಗತಿ. ಎರಡನ್ನೂ ಬದಲಾಯಿಸದೆ ರಸ್ತೆಗಿಳಿಸುವ ಹಾಗಿಲ್ಲ ಎಂದಳು. ನಲ್ಲಪ್ಪ ಇಳಿದು ಪದ್ಮಮ್ಮನವರಿಗೆ ಅದನ್ನು ತಿಳಿಸಲು ಹೋದ. ಅಷ್ಟರಲ್ಲಿ ಅಚ್ಯುತ್ ಜರಿಪಂಚೆ ಮೇಲೆತ್ತಿ, ಚಕ್ರ ನೋಡುವವನ ಹಾಗೆ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಈ ಹೋಸ್ ಸಿಗಲ್ಲ ಅಂದ್ಬಿಡು ಹರಿಣಿ," ಎಂದ ಪಿಸುದನಿಯಲ್ಲಿ. "ಬೆಂಗಳೂರಿಂದ ಬರ್ಬೇಕು, ಇವತ್ತು ಕಾರ್ ಎತ್ತಕ್ಕಾಗಲ್ಲ ಅನ್ನು. ಮುಹೂರ್ತ ತಪ್ಪಿದ್ರೆ ಅಪಶಕುನ ಅಂತ ಅಮ್ಮನೇ ಈ ಸಂಬಂಧ ಬಿಟ್ಬಿಡ್ತಾರೆ."

ಹೋಸ್ ಅವಳ ತಲೆಯ ಮೇಲಿನ ಅಟ್ಟದಲ್ಲೇ ಇತ್ತು. ಒಂದು ಸುಳ್ಳು ಸಾಕಿತ್ತು, ಅದು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಈ ಹುಡುಗಿ ತಪ್ಪಿದರೆ ಇನ್ನೊಬ್ಬಳು ಬರುತ್ತಾಳೆ. ಆಗ ಯಾವ ಪಾರ್ಟ್ ಸಿಗುವುದಿಲ್ಲ ಎನ್ನುವುದು?

"ಆಮೇಲಾದ್ರೂ ನನ್ ಹೆಸರು ಹೇಳ್ತೀಯಾ?" ಎಂದು ಕೇಳಿದಳು.

ಅವನು ನೆಲ ನೋಡಿದ. ನೋಡೋಣ, ಸ್ವಲ್ಪ ದಿನ ಹೋಗಲಿ ಎಂದ.

"ಹೋಸ್ ಇದೆ ಅಚ್ಯುತ್. ನಾನು ಹಾಕಿ ಏರ್ ತೆಗೆಯೋ ಅಷ್ಟು ಹೊತ್ತು ನಿಂಗೆ ಟೈಮ್ ಇದೆ. ನಿಮ್ಮಮ್ಮ ಅಲ್ಲೇ ಕೂತಿದಾರೆ."

ಆಮೇಲೆ ಅವಳು ಆ ಕೆಲಸವನ್ನು ಎಳೆದೆಳೆದು ಮಾಡಿದಳು. ವಾಷರ್ ಒರೆಸಿದ್ದನ್ನೇ ಒರೆಸಿದಳು. ಹೋಸ್ ತಿರುಚಿಕೊಂಡಿಲ್ಲವೆಂದು ಗೊತ್ತಿದ್ದೂ ಮತ್ತೆ ಬೆರಳಾಡಿಸಿದಳು, ಸ್ಟೇರಿಂಗನ್ನು ಆ ಕೊನೆಗೂ ಈ ಕೊನೆಗೂ ತಿರುಗಿಸಿ ಎಲ್ಲಾದರೂ ತಾಗುತ್ತದೆಯೇ ಎಂದು ನೋಡಿದಳು. ಎಲ್ಲಿಯೂ ತಾಗಲಿಲ್ಲ. ಕೊನೆಗೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದೊಂದು ಉಳಿಯಿತು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಳಗಿದ್ದವರು ಪೆಡಲ್ ಒತ್ತಿ ಹಿಡಿದಿರಬೇಕು, ಚಕ್ರದ ಹತ್ತಿರ ಇದ್ದವರು ಸ್ಕ್ರೂ ಸಡಿಲಿಸಿ ಆಯಿಲಿನ ಜೊತೆ ಗಾಳಿ ಹೊರಬಿಡಬೇಕು. ಯಾವಾಗಲೂ ಒಳಗೆ ಅಪ್ಪ ಕೂರುತ್ತಿದ್ದ. ಇವತ್ತು ಅವಳು ಅಚ್ಯುತ್‌ನನ್ನು ಕೂರಿಸಿದಳು.

ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹಿರಿಯರಿಗೆ ಕೇಳುವ ಹಾಗೆ ಅವಳು ಒತ್ತಿ ಅಂದರೆ ಒತ್ತುತ್ತಿದ್ದ, ಬಿಡಿ ಅಂದರೆ ಬಿಡುತ್ತಿದ್ದ. ಇಷ್ಟು ಚೆನ್ನಾಗಿ ಹೇಳಿದ ಮಾತು ಕೇಳುವ ಗಂಡಸಿಗೆ ತಾಯಿಯ ಮುಂದೆ ಬಾಯಿ ಬರುವುದಿಲ್ಲವಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು. ಸ್ಕ್ರೂವಿನಿಂದ ಬಾಟಲಿಗಿಳಿಸಿದ ನಳಿಕೆಯಲ್ಲಿ ಗುಳ್ಳೆಗಳು ಬರುತ್ತಿದ್ದವು. ಗುಳ್ಳೆ ನಿಲ್ಲುವವರೆಗೂ ಕೆಲಸ ಮುಗಿಯುವುದಿಲ್ಲ. ಇನ್ನೂ ಬರಲಿ, ಇನ್ನೂ ಸ್ವಲ್ಪ ಬರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಹರಿಣಿ," ಎಂದ ಅವನು ಕಿಟಕಿಯಿಂದ ಬಗ್ಗಿ, ಬಹಳ ಮೆಲ್ಲಗೆ. "ನಿನ್ ಬಿಟ್ರೆ ನಂಗೆ ಯಾರೂ ಬೇಡ ಕಣೇ."

ಇಷ್ಟು ಬಿಡಿಸಿ ಅವನು ಹೇಳಿದ್ದು ಇದೇ ಮೊದಲು. ಅವಳು ಸ್ಕ್ರೂ ಬಿಗಿದು ತಲೆ ಎತ್ತಿದಳು.

"ನಂಗೂ ಅಷ್ಟೇ," ಎಂದಳು. "ಇದನ್ನೇ ಹೋಗಿ ಅವರಿಗೆ ಹೇಳು, ಸಾಕು."

ಗುಳ್ಳೆಗಳು ನಿಂತವು. ಪೆಡಲ್ ಗಟ್ಟಿಯಾಯಿತು. ನಲ್ಲಪ್ಪ ಚಕ್ರ ಬಿಗಿದು ಕಾರನ್ನು ಕೆಳಗಿಳಿಸಿದ. ಹರಿಣಿ ಅಂಗಳದಲ್ಲೇ ಓಡಿಸಿ, ಬ್ರೇಕ್ ಒತ್ತಿ ನೋಡಿ, ಇಳಿದು ಬೀಗದ ಕೈ ಕೊಟ್ಟಳು. ಅಚ್ಯುತ್ ಅದನ್ನು ಹಿಡಿದುಕೊಂಡು ಸೀದಾ ತಾಯಿಯ ಮುಂದೆ ಹೋಗಿ ನಿಂತ. ಅವಳು ಕೈ ಒರೆಸುವುದನ್ನು ನಿಲ್ಲಿಸಿದಳು. ಅವನು ಬಾಯಿ ತೆರೆದದ್ದು ಅವಳಿಗೆ ಕಂಡಿತು.

"ಆಯ್ತೇನಪ್ಪಾ?" ಎಂದರು ಪದ್ಮಮ್ಮ.

"ಆಯ್ತಮ್ಮ. ಹೊರಡಣ."

ಹೊರಡುವ ಮುನ್ನ ಪದ್ಮಮ್ಮ ಬ್ಯಾಗಿನಿಂದ ಒಂದು ಮೊಳ ಸೇವಂತಿಗೆ ತೆಗೆದು, ಹರಿಣಿಯ ಅಂಗೈಗೆ ಮೇಲಿನಿಂದ ಹಾಕಿದರು. ಮದುವೆಗೆ ತಪ್ಪದೆ ಬರಬೇಕಮ್ಮ ಎಂದರು. ಮನಸಾರೆಯೇ ಅಂದರು. ಹರಿಣಿ ಬರುತ್ತೇನೆ ಎಂದಳು. ಅಚ್ಯುತ್ ಆಗಲೇ ಸ್ಟೇರಿಂಗಿನ ಮುಂದೆ ಕೂತಿದ್ದ.

ರಸ್ತೆ ಸೇರುವ ತುದಿಯಲ್ಲಿ ಕಾರಿನ ಹಿಂದಿನ ದೀಪಗಳು ಕೆಂಪಗೆ ಹೊತ್ತಿಕೊಂಡವು. ಕಾರು ಒಂದಿಷ್ಟೂ ಜಾರದೆ ನಿಂತಿತು. ಹರಿಣಿ ಹೂ ಹಿಡಿದುಕೊಂಡೇ ಮುಂದಕ್ಕೆ ಓಡಿದಳು. ಹಿಪ್ಪುನೇರಳೆ ಸೊಪ್ಪು ಹೇರಿದ್ದ ಟೆಂಪೊ ಒಂದು ಅಡ್ಡ ಹಾದುಹೋಯಿತು. ದೀಪಗಳು ಆರಿದವು, ಕಾರು ಚಿಂತಾಮಣಿಯ ಕಡೆಗೆ ತಿರುಗಿಕೊಂಡಿತು.