ಗೆರೆ ಬಿಟ್ಟು ಕೊಯ್ದ ಕಲ್ಲು

"ಯಾರನ್ನ ಕೇಳಿ ಹೀಗೆ ಕೊಯ್ದ್ರಿ ಇದನ್ನ?!"

ಅವಳ ಕೂಗಿಗೆ ಪ್ರಯೋಗಾಲಯದ ಕಿಟಕಿ ಗಾಜೇ ಅದುರಿತು. ಮೇಜಿನ ಮೇಲೆ ಅವಳ ಕಲ್ಲು ಎರಡು ಹೋಳಾಗಿ ಬಿದ್ದಿತ್ತು. ಗುಹೆಯೊಳಗೆ ಹನಿ ಹನಿ ನೀರಿನಿಂದ ಎಂಟು ಸಾವಿರ ವರ್ಷ ಬೆಳೆದ ಕಲ್ಲು. ಸಾಗರದೊಳಗಿನ ನೀರಿನ ಹರಿವು ಯಾವಾಗ ಕುಂಟಿತು, ಅದರಿಂದ ಮಳೆ ಯಾವಾಗ ಕೈಕೊಟ್ಟಿತು ಎಂಬುದೆಲ್ಲ ಅದರ ಪದರಗಳಲ್ಲಿತ್ತು. ಅವಳ ಪಿಎಚ್‌.ಡಿ. ನಿಂತಿದ್ದೇ ಅದರ ಮೇಲೆ. ಇನ್ನೊಂದು ಕಲ್ಲು ತೆಗೆಯಲು ಅನುಮತಿ ಇರಲಿಲ್ಲ.

ನಟ್ಟನಡುವೆ ನೇರ ಕೆಂಪು ಗೆರೆ ಎಳೆದು ಕೊಟ್ಟಿದ್ದಳು. ಈ ಮಹಾನುಭಾವ ಗೆರೆ ಬಿಟ್ಟು ಓರೆಯಾಗಿ ಕೊಯ್ದಿದ್ದ!

"ಗೆರೆ ತಪ್ಪಿತ್ತು," ಎಂದ ಕಲ್ಲು ಕೊಯ್ಯುವ ಯಂತ್ರದವನು. "ಕಲ್ಲು ಒಂದು ಕಡೆ ವಾಲಿಕೊಂಡು ಬೆಳೆದಿದೆ. ಆರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ."

"ಕಾಯೋಕೆ ಏನಾಗಿತ್ತು?"

"ಇವತ್ತೇ ಆಗಬೇಕು ಅಂತ ಚೀಟಿ ಅಂಟಿಸಿದ್ದು ಯಾರು?"

ಅವಳಿಗೆ ಸಿಟ್ಟು ನೆತ್ತಿಗೇರಿತು. "ಹೋದ ವಾರ ಕಾಫಿಗೆ ಕರೆದ್ರಿ, ಬರಲ್ಲ ಅಂದೆ. ಆ ಸೇಡನ್ನ ಕಲ್ಲಿನ ಮೇಲೆ ತೀರಿಸಿಕೊಂಡ್ರಾ?"

ಅವನ ಮುಖ ಕಪ್ಪಿಟ್ಟಿತು. "ಛೀ... ನಾನು ಅಷ್ಟು ಸಣ್ಣವನಾ?" ಕೈಗವಸು ಎಸೆದು ಹೊರಟೇಹೋದ.

'ಹೋಗಲಿ! ಗೈಡ್ ಹತ್ತಿರ ದೂರು ಕೊಡ್ತೀನಿ!' ಹಲ್ಲು ಕಡಿಯುತ್ತಾ ಫೋಟೊ ತೆಗೆಯಲೆಂದು ಕಲ್ಲಿನ ಕೊಯ್ದ ಮೈಮೇಲೆ ನೀರು ಸುರಿದಳು.

ಪದರಗಳು ಎದ್ದು ಕಂಡವು. ಬುಡದಿಂದ ತುದಿಯವರೆಗೆ, ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳಂತೆ... ಒಂದೂ ತಪ್ಪಿರಲಿಲ್ಲ! ತನ್ನ ಕೆಂಪು ಗೆರೆಯ ಜಾಡು ಹಿಡಿದು ಬೆರಳಾಡಿಸಿದಳು. ಆ ದಾರಿಯಲ್ಲಿ ಗರಗಸ ಹೋಗಿದ್ದರೆ ನಡುವಿನ ಎರಡು ಸಾವಿರ ವರ್ಷಗಳ ಪದರಗಳು ಕೊಯ್ತಕ್ಕೆ ಸಿಗದೆ ಪಕ್ಕಕ್ಕೆ ಉಳಿದುಬಿಡುತ್ತಿದ್ದವು. ಸಾಗರದ ಹರಿವು ಕುಂಟಿದ ಕಾಲವೇ ಅದು. ನಾಲ್ಕು ವರ್ಷದ ದುಡಿಮೆ ನೀರುಪಾಲಾಗುತ್ತಿತ್ತು.

'ನನ್ನ ಬಾಯಿಗಿಷ್ಟು...' ಈಗ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು.

ಅವನು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ!"

"ಈಗೇನು ಮಾಡಿದೆ?"

"ತಪ್ಪು ನಂದೇ ಅಂತ ತೋರಿಸಿಕೊಟ್ರಲ್ಲ, ಅದಕ್ಕೆ!"

ಅವನು ನಗಲಿಲ್ಲ. "ಗೆರೆ ವಿಷಯ ಬಿಡಿ. ಸೇಡು ಅಂದ್ರಲ್ಲ... ಅದು ಚುಚ್ಚಿತು."

"ಗೊತ್ತು. ಕ್ಷಮಿಸಿ..." ಬಂದ ಕಣ್ಣೀರನ್ನು ತೋಳಿನಿಂದ ಒರೆಸಿಕೊಂಡಳು. ಅದಕ್ಕೂ ಅವಳಿಗೆ ರೇಗಿತು. "ಅವತ್ತು ಬರಲ್ಲ ಅಂದಿದ್ದೂ ಸುಳ್ಳು! ನಿಮ್ಮನ್ನ ಇಷ್ಟಪಟ್ಟರೆ ಓದು ಹಾಳಾಗುತ್ತೆ ಅಂತ ಹೆದರಿದ್ದೆ. ಅದಕ್ಕೇ ಫೋನೂ ಎತ್ತಲಿಲ್ಲ. ಆದ್ರೆ ಇಷ್ಟಪಟ್ಟು ಆಗಲೇ ತಿಂಗಳುಗಳಾಗಿತ್ತು ಕಣ್ರೀ!"

ಅವನು ಬೆಪ್ಪಾಗಿ ನೋಡಿದ. "ಇದನ್ನ... ಬೈಕೊಂಡು ಹೇಳಬೇಕಾ?"

"ನನಗೆ ಬೇರೆ ಥರ ಹೇಳೋಕೆ ಬರಲ್ಲ!"

"ಸರಿ, ಬೈತಾನೇ ಇರಿ," ಎಂದು ಅವನು ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದ. "ಆದ್ರೆ ಕೂತ್ಕೊಂಡು ಬೈರಿ."

ಅವಳು ಮೂಗು ಒರೆಸಿಕೊಂಡು, ದುರುಗುಟ್ಟಿ ನೋಡುತ್ತಲೇ ಅವನ ಪಕ್ಕ ಕೂತಳು.